ಜೇನುಮೇಣ, ರಾಳ ಮತ್ತು ಒಬ್ಬ ಧರ್ಮಗುರುವಿನ ವಿದ್ಯುತ್ ಸುರುಳಿ

ವಿದ್ಯುತ್ತಿನ ಇತಿಹಾಸವನ್ನು ಬರೆದವರು ತಂತಿಯಲ್ಲಿ ಹರಿಯುವ ಶಕ್ತಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಆ ಶಕ್ತಿಯನ್ನು ತಂತಿಯೊಳಗೇ ಹಿಡಿದಿಡುವ ವಸ್ತುವಿನ ಬಗ್ಗೆ ಬರೆದವರು ಕಡಿಮೆ. ರಸ್ತೆಬದಿಯ ವಿದ್ಯುತ್ ಕಂಬವನ್ನು ನೋಡಿದವರಿಗೆ ತಂತಿ ಕಾಣುತ್ತದೆ. ತಂತಿಗೂ ಕಂಬಕ್ಕೂ ನಡುವೆ ಕುಳಿತಿರುವ ಪಿಂಗಾಣಿಯ ಬಟ್ಟಲಿನ ಮೇಲೆ ಕಣ್ಣು ನಿಲ್ಲುವುದಿಲ್ಲ. ಆದರೆ ಆ ಬಟ್ಟಲು ಬಿರುಕುಬಿಟ್ಟ ದಿನ ಊರಿಗೆ ಊರೇ ಕತ್ತಲೆಯಲ್ಲಿ ಮುಳುಗುತ್ತದೆ. ವಿದ್ಯುತ್ತನ್ನು ಹರಿಯಗೊಡದ ಇಂತಹ ವಸ್ತುಗಳನ್ನು ಅವಾಹಕಗಳೆಂದು ಕರೆಯುತ್ತೇವೆ. ಅವುಗಳೊಳಗೆ ವಿದ್ಯುತ್ ಕ್ಷೇತ್ರವು ಉಂಟುಮಾಡುವ ಸೆಳೆತವನ್ನು ಅಭ್ಯಸಿಸುವಾಗ ವಿಜ್ಞಾನಿಗಳು ಬಳಸುವ ಹೆಸರು 'ಡೈಎಲೆಕ್ಟ್ರಿಕ್'. ಮೈಕೆಲ್ ಫ್ಯಾರಡೆಯವರು 1830ರ ದಶಕದಲ್ಲಿ ಬಳಕೆಗೆ ತಂದ ಪದವಿದು.

ಅದೇ ದಶಕದಲ್ಲಿ ಐರ್ಲೆಂಡಿನ ಒಂದು ಗುರುಮಠದಲ್ಲಿ ಒಬ್ಬ ಕಥೋಲಿಕ ಧರ್ಮಗುರುಗಳು ಅಧಿಕ ವಿದ್ಯುದೊತ್ತಡವನ್ನು ಉತ್ಪಾದಿಸುವ ಉಪಕರಣವೊಂದನ್ನು ನಿರ್ಮಿಸಿದರು. ಆ ಒತ್ತಡವನ್ನು ಅಂಕೆಯಲ್ಲಿಡಬಲ್ಲ ಹೊದಿಕೆಗಾಗಿ ಅವರು ಮುಂದೆ ವರ್ಷಗಟ್ಟಲೆ ದುಡಿದರು. ವಂದನೀಯ ನಿಕೊಲಸ್ ಕ್ಯಾಲನ್ ಅವರ ಹೆಸರು ನಮ್ಮ ಕುಟುಂಬಗಳಲ್ಲಿ ಪರಿಚಿತವಲ್ಲ. ವಿಜ್ಞಾನಿಗಳಾದ ಗುರುಗಳ ಮಾತು ಬಂದಾಗ ಬಟಾಣಿ ಗಿಡಗಳ ಮೆಂಡೆಲ್ ಅವರನ್ನೂ ವಿಶ್ವದ ವಿಸ್ತರಣೆಯನ್ನು ಕುರಿತು ಚಿಂತಿಸಿದ ಲೆಮೇತ್ರ್ ಅವರನ್ನೂ ನೆನೆಯುವ ನಾವು ಕ್ಯಾಲನ್ ಅವರನ್ನು ನೆನೆಯುವುದಿಲ್ಲ. ನಾವಷ್ಟೇ ಅಲ್ಲ, ಅವರ ಸ್ವಂತ ನಾಡೂ ಅವರನ್ನು ಬಹುಕಾಲ ಮರೆತಿತ್ತು.

ಗುರುಮಠದಲ್ಲಿ ಪ್ರಯೋಗಶಾಲೆ

ಕ್ಯಾಲನ್ ಜನಿಸಿದ್ದು 1799ರ ಡಿಸೆಂಬರ್ 22ರಂದು, ಲೌತ್ ಪ್ರಾಂತದ ಡಾರ್ವರ್ ಎಂಬಲ್ಲಿ. ಅವರ ಆರಂಭದ ಶಿಕ್ಷಣ ನಡೆದದ್ದು ಪ್ರೆಸ್ಬಿಟೇರಿಯನ್ ಪಾದ್ರಿಯೊಬ್ಬರು ನಡೆಸುತ್ತಿದ್ದ ಶಾಲೆಯಲ್ಲಿ. ಊರಿನ ಕಥೋಲಿಕ ಗುರುಗಳು ಪೂಜಾಸೇವಕನಾಗಿದ್ದ ಈ ಬಾಲಕನನ್ನು ಗುರುತಿಸಿ ಗುರುಮಠದ ದಾರಿ ತೋರಿಸಿದರು. 1816ರಲ್ಲಿ ಅವರು ಡಬ್ಲಿನ್ ನಗರದ ಪಶ್ಚಿಮಕ್ಕಿರುವ ಮೇನೂತ್ ಕಾಲೇಜನ್ನು ಸೇರಿದರು.

ಮೇನೂತ್ ಕಾಲೇಜಿನ ಹಿನ್ನೆಲೆಯನ್ನು ಇಲ್ಲಿ ಹೇಳಲೇಬೇಕು. ಬ್ರಿಟಿಷರ ದಂಡನಾ ಕಾನೂನುಗಳ ಕಾಲದಲ್ಲಿ ಐರಿಷ್ ಯುವಕರು ಗುರುಶಿಕ್ಷಣಕ್ಕಾಗಿ ಸಮುದ್ರ ದಾಟಿ ಫ್ರಾನ್ಸ್, ಸ್ಪೇನ್ ಮೊದಲಾದ ದೇಶಗಳಿಗೆ ಹೋಗಬೇಕಾಗಿತ್ತು. ಫ್ರಾನ್ಸಿನ ಕ್ರಾಂತಿಯಿಂದ ಅಲ್ಲಿನ ಗುರುಮಠಗಳ ಬಾಗಿಲು ಮುಚ್ಚಿದಾಗ, 1795ರಲ್ಲಿ, ಸ್ವದೇಶದಲ್ಲಿಯೇ ಒಂದು ಗುರುಮಠಕ್ಕೆ ಸರಕಾರದ ಅನುಮತಿ ದೊರೆಯಿತು. ಕಥೋಲಿಕರು ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಹಕ್ಕನ್ನು ಪಡೆದದ್ದು 1829ರಲ್ಲಿ. ಆ ಕಾಲೇಜಿನ ಮೊದಲ ಕರ್ತವ್ಯ ಹಸಿದ, ಹತ್ತಿಕ್ಕಲ್ಪಟ್ಟ ಜನತೆಗೆ ಗುರುಗಳನ್ನು ಒದಗಿಸುವುದಾಗಿತ್ತು. ಅಂತಹ ಸ್ಥಳದಲ್ಲಿ ತಾಮ್ರದ ತಂತಿ, ಸತುವಿನ ಹಲಗೆ, ಆಮ್ಲದ ಜಾಡಿಗಳನ್ನು ಹರಡಿಕೊಂಡ ಪ್ರಾಧ್ಯಾಪಕರನ್ನು ಸಹೋದ್ಯೋಗಿಗಳು ಹೇಗೆ ನೋಡಿರಬಹುದೆಂದು ಊಹಿಸುವುದು ಕಷ್ಟವಲ್ಲ.

ವಿದ್ಯುತ್ತಿನ ಬಗೆಗಿನ ಆಸಕ್ತಿಯನ್ನು ಅವರಲ್ಲಿ ಬಿತ್ತಿದವರು ಅದೇ ಕಾಲೇಜಿನ ಅಧ್ಯಾಪಕರಾಗಿದ್ದ ಕಾರ್ನೀಲಿಯಸ್ ಡೆನ್ವಿರ್ ಅವರು. ಮುಂದೆ ಡೌನ್ ಮತ್ತು ಕಾನರ್ ಧರ್ಮಪ್ರಾಂತದ ಧರ್ಮಾಧ್ಯಕ್ಷರಾದವರು. 1823ರಲ್ಲಿ ಯಾಜಕದೀಕ್ಷೆ ಪಡೆದ ಕ್ಯಾಲನ್ ರೋಮ್ ನಗರದ ಸಪಿಯೆಂಜಾ ವಿಶ್ವವಿದ್ಯಾನಿಲಯದಲ್ಲಿ ದೈವಶಾಸ್ತ್ರ ಅಭ್ಯಸಿಸಿ, 1826ರಲ್ಲಿ ಡಾಕ್ಟರೇಟ್ ಪದವಿಯೊಂದಿಗೆ ಹಿಂದಿರುಗಿದರು. ರೋಮ್‌ನಲ್ಲಿದ್ದಾಗಲೇ ಗಾಲ್ವನಿ ಮತ್ತು ವೋಲ್ಟಾ ಅವರ ಸಂಶೋಧನೆಗಳ ಪರಿಚಯ ಅವರಿಗಾಗಿತ್ತು. ಅದೇ ವರ್ಷ ಡೆನ್ವಿರ್ ಅವರಿಂದ ತೆರವಾದ ಪ್ರಕೃತಿ ವಿಜ್ಞಾನದ ಪೀಠಕ್ಕೆ ನೇಮಕಗೊಂಡು, ತಮ್ಮ ಮರಣದವರೆಗೆ ಸುಮಾರು 38 ವರ್ಷ ಅಲ್ಲಿಯೇ ಉಳಿದರು. ಸಂತ ಅಲ್ಫೋನ್ಸ್ ಲಿಗೋರಿಯವರ ಅನೇಕ ಗ್ರಂಥಗಳನ್ನು ಇಂಗ್ಲಿಷಿಗೆ ಅನುವಾದಿಸಿದವರೂ ಇವರೇ. ಒಂದೇ ಮೇಜಿನ ಮೇಲೆ ಸಂತರ ಧ್ಯಾನಗ್ರಂಥವೂ ಬ್ಯಾಟರಿಯ ನಕ್ಷೆಯೂ ಇದ್ದಿರಬಹುದು.

ಸುರುಳಿಯ ಒಳಗುಟ್ಟು

ವೋಲ್ಟಾ ಅವರ ಬ್ಯಾಟರಿ ಪ್ರವಾಹವನ್ನು ಕೊಡುತ್ತಿತ್ತು, ಆದರೆ ಒತ್ತಡ ಅಲ್ಪ. ಒತ್ತಡ ಹೆಚ್ಚಬೇಕಾದರೆ ಬ್ಯಾಟರಿಗಳನ್ನು ನೂರುಗಟ್ಟಲೆ ಜೋಡಿಸಬೇಕಾಗಿತ್ತು. ಕ್ಯಾಲನ್ 1836ರಲ್ಲಿ ಬೇರೆ ದಾರಿ ಹಿಡಿದರು. ಸುಮಾರು ಎರಡು ಅಡಿ ಉದ್ದದ ಮೆದು ಕಬ್ಬಿಣದ ಸರಳಿನ ಸುತ್ತ, ತಲಾ ಇನ್ನೂರು ಅಡಿ ಉದ್ದದ ಎರಡು ತಾಮ್ರದ ತಂತಿಗಳನ್ನು ಸುತ್ತಿದರು. ಮೊದಲನೆಯ ಸುರುಳಿಗೆ ಮಾತ್ರ ಬ್ಯಾಟರಿಯ ಸಂಪರ್ಕ ಕೊಟ್ಟು, ಅದನ್ನು ಥಟ್ಟನೆ ಕಡಿದಾಗ, ಎರಡು ಸುರುಳಿಗಳ ತುದಿಗಳ ನಡುವೆ ಜೋರಾದ ಆಘಾತ ಉಂಟಾಯಿತು. ಪ್ರವಾಹ ನಿಂತ ಕ್ಷಣದಲ್ಲಿ ಕಬ್ಬಿಣದ ಕಾಂತತ್ವ ಕುಸಿಯುತ್ತದೆ. ಆ ಕುಸಿತವು ತಂತಿಯ ಪ್ರತಿಯೊಂದು ಸುತ್ತಿನಲ್ಲಿಯೂ ಒಂದಿಷ್ಟು ಒತ್ತಡವನ್ನು ಹುಟ್ಟಿಸುತ್ತದೆ. ಸುತ್ತುಗಳು ಹೆಚ್ಚಿದಷ್ಟೂ ಒಟ್ಟು ಒತ್ತಡ ಹೆಚ್ಚು. ಇದೇ ಪ್ರೇರಣಾ ಸುರುಳಿ. ಪೆಟ್ರೋಲ್ ಕಾರು, ಬೈಕುಗಳಲ್ಲಿ ಕಿಡಿ ಹೊತ್ತಿಸುವ ಇಗ್ನಿಷನ್ ಕಾಯಿಲ್ ಇದರ ವಂಶದ್ದೇ.

ಸಂಪರ್ಕವನ್ನು ಮತ್ತೆ ಮತ್ತೆ ಕಡಿಯಲು ಗಡಿಯಾರದ ಯಂತ್ರಭಾಗವನ್ನು ಬಳಸಿದರು. ಒತ್ತಡವನ್ನು ಅಳೆಯುವ ಮೀಟರುಗಳು ಆಗ ಇರಲಿಲ್ಲವಾದ್ದರಿಂದ, ಬ್ಯಾಟರಿಯ ಬಲವನ್ನು ವಿದ್ಯುತ್ಕಾಂತವು ಎತ್ತುವ ಭಾರದಿಂದ ಅಳೆಯುತ್ತಿದ್ದರು. ಕಾಂತದ ಕಬ್ಬಿಣವನ್ನು ಬಡಿದು ಬಾಗಿಸಿಕೊಟ್ಟವನು ಮೇನೂತ್ ಊರಿನ ಕಮ್ಮಾರ. ಕ್ಯಾಲನ್ 577 ಕೋಶಗಳನ್ನು ಜೋಡಿಸಿ, 30 ಗ್ಯಾಲನ್‌ಗೂ ಹೆಚ್ಚು ಆಮ್ಲ ತುಂಬಿಸಿ ಕಟ್ಟಿದ ಬ್ಯಾಟರಿಯ ಬಲದಿಂದ ಆ ಕಾಂತ ಎರಡು ಟನ್ ಭಾರವನ್ನು ಎತ್ತಿತು. ದುಬಾರಿ ಪ್ಲಾಟಿನಂ ಬದಲಿಗೆ ಎರಕದ ಕಬ್ಬಿಣವನ್ನು ಬಳಸಿ ಅಗ್ಗದ ಬ್ಯಾಟರಿಯನ್ನೂ ಅವರು ರೂಪಿಸಿದರು. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ತಡೆಯುವ ಲೇಪನಕ್ಕೆ 1853ರಲ್ಲಿ ಪೇಟೆಂಟ್ ಪಡೆದರು.

ಸುರುಳಿಯ ಬಲವನ್ನು ಪರೀಕ್ಷಿಸಲು ಅವರು ಮಾಡುತ್ತಿದ್ದ ಇನ್ನೊಂದು ಉಪಾಯ ಮಾತ್ರ ಮೆಚ್ಚತಕ್ಕದ್ದಲ್ಲ. ವಿದ್ಯಾರ್ಥಿಗಳು ಕೈಯಲ್ಲಿ ತಂತಿ ಹಿಡಿದು ಆಘಾತದ ತೀವ್ರತೆಯನ್ನು ಹೇಳಬೇಕಾಗಿತ್ತು. ಮುಂದೆ ಡಬ್ಲಿನ್ ಮಹಾಧರ್ಮಾಧ್ಯಕ್ಷರಾದ ವಿಲಿಯಂ ವಾಲ್ಷ್ ಅವರು ಹೀಗೆ ಪ್ರಜ್ಞೆ ತಪ್ಪಿದರೆಂದೂ, ಮುಂದೆ ಕಾಲೇಜಿನ ಅಧ್ಯಕ್ಷರಾದ ಚಾರ್ಲ್ಸ್ ರಸೆಲ್ ಅವರು ಚಿಕಿತ್ಸೆಗಾಗಿ ಮಲಗಬೇಕಾಯಿತೆಂದೂ ಅಲ್ಲಿನ ಪರಂಪರೆ ಹೇಳುತ್ತದೆ. ಕಾಲೇಜಿನ ಹಿರಿಯರು ಎಚ್ಚರಿಸಿದ ಮೇಲೆ ಕೋಳಿಗಳ ಸರದಿ ಬಂತಂತೆ. ಇದನ್ನು ಹಾಸ್ಯಪ್ರಸಂಗವೆಂಬಂತೆ ಹೇಳುವ ರೂಢಿಯಿದೆ. ಆದರೆ ಹೊದಿಕೆ ಸರಿಯಿಲ್ಲದ ತಂತಿಯ ಮುಂದೆ ಮನುಷ್ಯ ದೇಹವೇ ವಿದ್ಯುತ್ತಿನ ದಾರಿಯಾಗುತ್ತದೆ ಎಂಬ ಕಠಿಣ ಸತ್ಯ ಇದರಲ್ಲಿದೆ. ಎಲೆಕ್ಟ್ರೀಷಿಯನ್ ವೃತ್ತಿಯಲ್ಲಿ ಮಕ್ಕಳಿರುವ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೇಣದ ಮಹಿಮೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಸುತ್ತುಗಳು ಹೆಚ್ಚಿದಷ್ಟೂ ಒತ್ತಡ ಹೆಚ್ಚುವುದಾದರೆ, ತಂತಿಯನ್ನು ಮೈಲಿಗಟ್ಟಲೆ ಸುತ್ತಿದರಾಯಿತಲ್ಲ ಎನಿಸಬಹುದು. ತೊಡಕು ಇರುವುದು ಅಲ್ಲಿಯೇ. ಬರಿಯ ತಂತಿಯ ಎರಡು ಸುತ್ತುಗಳು ಪರಸ್ಪರ ತಗುಲಿದರೆ ವಿದ್ಯುತ್ತು ಸುತ್ತಿ ಬಳಸಿ ಹೋಗದೆ ಅಡ್ಡದಾರಿಯಲ್ಲಿ ದಾಟುತ್ತದೆ. ಸುರುಳಿ ಬರೇ ಲೋಹದ ಮುದ್ದೆಯಾಗುತ್ತದೆ. ಇಂದು ಮೋಟಾರು ರಿವೈಂಡಿಂಗ್ ಮಾಡುವ ಯಾವ ಅಂಗಡಿಗೆ ಹೋದರೂ ಎನಾಮೆಲ್ ಲೇಪಿಸಿದ ತಂತಿಯ ಉಂಡೆ ಸಿಗುತ್ತದೆ. 1836ರಲ್ಲಿ ಅಂತಹ ತಂತಿಯನ್ನು ಮಾರುವವರೇ ಇರಲಿಲ್ಲ. ಅಮೆರಿಕದ ಜೋಸೆಫ್ ಹೆನ್ರಿ ರೇಷ್ಮೆಯನ್ನು ಸುತ್ತಿದರು. ಪ್ರಯೋಗ ಮಾಡುವವನು ತನ್ನ ತಂತಿಗೆ ತಾನೇ ಅಂಗಿ ತೊಡಿಸಬೇಕಾಗಿದ್ದ ಕಾಲವದು.

ಕ್ಯಾಲನ್ ಅವರು ತಮ್ಮ ದೊಡ್ಡ ಸುರುಳಿಗಳಿಗೆ ತಾಮ್ರದ ಬದಲು ಸಪುರವಾದ ಕಬ್ಬಿಣದ ತಂತಿಯನ್ನು ಆರಿಸಿಕೊಂಡರು. ಅದನ್ನು ಕರಗಿಸಿದ ಜೇನುಮೇಣ ಮತ್ತು ರಾಳದ ಮಿಶ್ರಣದಿಂದ ಲೇಪಿಸಿದರು. ಆಯ್ಕೆ ಸರಳವೆನಿಸಿದರೂ ಅದರ ಹಿಂದೆ ವಿವೇಚನೆಯಿದೆ. ಬರಿಯ ಮೇಣ ಮೆದು. ಸುಮಾರು 63 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗಿಹೋಗುತ್ತದೆ. ಬರಿಯ ರಾಳ ಗಟ್ಟಿ, ಆದರೆ ತಂತಿ ಬಾಗಿದೊಡನೆ ಪುಡಿಯಾಗಿ ಉದುರುತ್ತದೆ. ಎರಡನ್ನೂ ಸೇರಿಸಿದರೆ ಮೇಣದ ಬಾಗುವ ಗುಣವೂ ರಾಳದ ಗಟ್ಟಿತನವೂ ಒಟ್ಟಾಗುತ್ತವೆ. ಅದಕ್ಕೂ ಮಿಗಿಲಾಗಿ, ಇವೆರಡೂ ನೀರನ್ನು ಹೀರುವುದಿಲ್ಲ. ನೂಲು, ಕಾಗದ, ರೇಷ್ಮೆ ಮುಂತಾದವು ಗಾಳಿಯ ತೇವವನ್ನು ಹೀರಿಕೊಂಡು ಕ್ರಮೇಣ ವಿದ್ಯುತ್ತಿಗೆ ದಾರಿಮಾಡಿಕೊಡುತ್ತವೆ. ಐರ್ಲೆಂಡಿನಂತಹ ಮಳೆಯ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಆರು ತಿಂಗಳು ಗೋಡೆ ಒದ್ದೆಯಾಗಿರುವ ನಮ್ಮ ಕರಾವಳಿಯವರಿಗಂತೂ ಇದು ಚೆನ್ನಾಗಿ ಅರ್ಥವಾಗುವಂತಹುದು.

ಈ ಮಿಶ್ರಣಕ್ಕೆ ಒಂದು ಪೂರ್ವಜನೂ ಉಂಟು. ನಿಷ್ಠಾವಂತ ಕಥೋಲಿಕರಾಗಿದ್ದ ವೋಲ್ಟಾ ಅವರು 1775ರಲ್ಲಿ ರಚಿಸಿದ 'ಇಲೆಕ್ಟ್ರೋಫೋರಸ್' ಎಂಬ ಉಪಕರಣದಲ್ಲಿ ಟರ್ಪೆಂಟೈನ್, ರಾಳ ಮತ್ತು ಮೇಣವನ್ನು ಕುದಿಸಿ ಮಾಡಿದ ಬಿಲ್ಲೆಯೇ ವಿದ್ಯುತ್ತನ್ನು ಹಿಡಿದಿಡುತ್ತಿತ್ತು. ಜೇನುಮೇಣವೆಂದರೆ ಕಥೋಲಿಕರಿಗೆ ಬಲಿಪೀಠದ ದೀಪದ ನೆನಪು. ಪಾಸ್ಖ ಜಾಗರಣೆಯ ಘೋಷಗೀತೆಯು ಜೇನುನೊಣಗಳ ದುಡಿಮೆಯನ್ನು ಸ್ಮರಿಸುತ್ತದೆ. ಬೆಳಕು ಕೊಡುವ ಅದೇ ಮೇಣ ಮೇನೂತ್‌ನಲ್ಲಿ ಕಿಡಿಯನ್ನು ತಡೆಯುವ ಕೆಲಸ ಮಾಡಿತು.

ಲೇಪನದಲ್ಲಿ ಶ್ರಮವೆಷ್ಟು ಬೇಕೆಂಬುದನ್ನು ತಿಳಿಯಲು ಅವಾಹಕಗಳು ಹೇಗೆ ಸೋಲುತ್ತವೆಂಬುದನ್ನು ಅರಿಯಬೇಕು. ಚಪ್ಪಟೆ ಫಲಕಗಳ ನಡುವಿನ ಒಂದು ಸೆಂಟಿಮೀಟರ್ ಗಾಳಿ ಸುಮಾರು 30 ಸಾವಿರ ವೋಲ್ಟ್ ಒತ್ತಡವನ್ನು ತಾಳಿಕೊಳ್ಳುತ್ತದೆ. ಅದರಾಚೆ ಸೀಳಿ ಕಿಡಿ ಹಾರುತ್ತದೆ. ಒಳ್ಳೆಯ ಘನ ಅವಾಹಕಗಳು ಇದರ ಹಲವು ಪಟ್ಟು ತಾಳಬಲ್ಲವು. ಆದರೆ ಘನವಸ್ತುವಿನ ಒಳಗೆ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಯೊಂದು ಸಿಕ್ಕಿಕೊಂಡಿದ್ದರೂ ಸಾಕು. ವಿದ್ಯುತ್ ಕ್ಷೇತ್ರದ ಎಳೆತ ಸುತ್ತಲಿನ ವಸ್ತುವಿಗಿಂತ ಆ ಗುಳ್ಳೆಯಲ್ಲಿಯೇ ಹೆಚ್ಚು. ತಾಳುವ ಶಕ್ತಿಯೋ ಗುಳ್ಳೆಗೆ ಕಡಿಮೆ. ಹೀಗಾಗಿ ಅಲ್ಲಿ ಕಣ್ಣಿಗೆ ಕಾಣದ ಕಿಡಿಗಳು ಹೊತ್ತಿ ಗೋಡೆಯನ್ನು ಕೊರೆಯುತ್ತ ಹೋಗುತ್ತವೆ. ಗಾಯವು ಮರದ ಕೊಂಬೆಯಂತೆ ಕವಲೊಡೆದು ಬೆಳೆದು, ಒಂದು ದಿನ ಈ ಬದಿಯಿಂದ ಆ ಬದಿಗೆ ತಲಪುತ್ತದೆ. ಹೊರಗಿನಿಂದ ನೋಡುವವನಿಗೆ ಅಲ್ಲಿಯವರೆಗೂ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ. ಹತ್ತಾರು ಮೈಲಿ ಉದ್ದದ ತಂತಿಯಲ್ಲಿ ಒಂದೇ ಒಂದು ಕಡೆ ಮೇಣ ಹಿಡಿಯದೆ ಹೋದರೆ ಸುರುಳಿಯೇ ವ್ಯರ್ಥ. ಇಷ್ಟರ ನಡುವೆಯೂ ಕ್ಯಾಲನ್ ಅವರ ಬೃಹತ್ ಸುರುಳಿ 15 ಅಂಗುಲ ಉದ್ದದ ಕಿಡಿಯನ್ನು ಚಿಮ್ಮಿಸಿತು. ಜನರು ಕಿಡಿಯನ್ನು ಕಂಡು ಬೆರಗಾದರು. ಬೆರಗಿಗೆ ನಿಜವಾಗಿ ಅರ್ಹವಾದದ್ದು ಕಿಡಿ ಎಲ್ಲಿ ಹಾರಲಿಲ್ಲವೋ ಆ ಸ್ಥಳಗಳು ಎಂಬುದು ಈ ಲೇಖಕನ ಅಭಿಪ್ರಾಯ.

ಕೀರ್ತಿ ಯಾರದು?

ಕ್ಯಾಲನ್ ತಮ್ಮ ಶೋಧವನ್ನು ಮುಚ್ಚಿಟ್ಟವರಲ್ಲ. ಲಂಡನ್ನಿನ ನಿಯತಕಾಲಿಕೆಗಳಲ್ಲಿ ಪ್ರಕಟಿಸಿದರು. ಉಪಕರಣದ ಪ್ರತಿಯೊಂದನ್ನು ವಿಲಿಯಂ ಸ್ಟರ್ಜನ್ ಅವರಿಗೆ ಕಳುಹಿಸಿದರು; 1837ರಲ್ಲಿ ಅದರ ಪ್ರದರ್ಶನವೂ ಲಂಡನ್ನಿನಲ್ಲಿ ನಡೆಯಿತು. ಆದರೂ ಪ್ಯಾರಿಸಿನಲ್ಲಿ ನೆಲೆಸಿದ್ದ ಜರ್ಮನ್ ಉಪಕರಣ ತಯಾರಕ ಹೈನ್ರಿಕ್ ರುಮ್‌ಕೋರ್ಫ್ ಅವರ ಹೆಸರೇ ಆ ಸುರುಳಿಗೆ ಅಂಟಿಕೊಂಡಿತು. 1864ರಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ ಅವರಿಗೆ 50 ಸಾವಿರ ಫ್ರಾಂಕುಗಳ ವೋಲ್ಟಾ ಬಹುಮಾನವನ್ನು ನೀಡಿದನು. ಅದೇ 1864ರ ಜನವರಿ 10ರಂದು ಕ್ಯಾಲನ್ ಮೇನೂತ್‌ನಲ್ಲಿ ನಿಧನ ಹೊಂದಿದ್ದರು.

ಇದನ್ನು ಕಥೋಲಿಕ ಗುರುವಿಗಾದ ಅನ್ಯಾಯವೆಂದು ಬಣ್ಣಿಸಿ ಕಣ್ಣೀರು ಹಾಕುವುದು ಸುಲಭ. ಹಾಗೆ ಮಾಡಿದರೆ ಸತ್ಯಕ್ಕೆ ಅಪಚಾರವಾದೀತು. ಅಮೆರಿಕದ ಚಾರ್ಲ್ಸ್ ಗ್ರಾಫ್ಟನ್ ಪೇಜ್ ಅವರೂ 1836ರಲ್ಲಿಯೇ ಸ್ವತಂತ್ರವಾಗಿ ಇದೇ ದಾರಿಯಲ್ಲಿ ಸಾಗಿದ್ದರು. ರುಮ್‌ಕೋರ್ಫ್ ಕಳ್ಳನಲ್ಲ, ನಿಪುಣ ಕುಶಲಕರ್ಮಿ. ಅವರ ಹಿರಿಮೆಯಿದ್ದದ್ದೂ ಅವಾಹಕದ ವಿಷಯದಲ್ಲಿಯೇ. ಒಂದು ತುದಿಯಿಂದ ಇನ್ನೊಂದು ತುದಿಗೆ ಸುತ್ತಿ, ಮತ್ತೆ ಅದರ ಮೇಲೆಯೇ ಹಿಂದಕ್ಕೆ ಸುತ್ತುತ್ತ ಬಂದರೆ, ಬಹಳ ಹೆಚ್ಚು ಒತ್ತಡದ ಸುತ್ತು ಬಹಳ ಕಡಿಮೆ ಒತ್ತಡದ ಸುತ್ತಿನ ಮೇಲೆಯೇ ಕುಳಿತುಕೊಳ್ಳುತ್ತದೆ. ಬಾಸ್ಟನ್ ನಗರದ ಎಡ್ವರ್ಡ್ ರಿಚಿ 1857ರಲ್ಲಿ ತಂತಿಯನ್ನು ಚಕ್ಕುಲಿಯಂತಹ ತೆಳು ಬಿಲ್ಲೆಗಳಾಗಿ ಸುತ್ತಿ, ನಡುನಡುವೆ ಅವಾಹಕ ಹಾಳೆಗಳನ್ನಿಟ್ಟು, ಒಂದರ ಪಕ್ಕ ಒಂದರಂತೆ ಜೋಡಿಸಿದರು. ನೆರೆಯ ಸುತ್ತುಗಳ ನಡುವಿನ ಒತ್ತಡದ ಅಂತರ ಇದರಿಂದ ತಗ್ಗಿತು. ಗಾಜು, ಅರಗು ಮುಂತಾದವುಗಳ ಬಳಕೆಯೊಂದಿಗೆ ರುಮ್‌ಕೋರ್ಫ್ ಅವರ ಸುರುಳಿಗಳು ಅಂಗಡಿಯಿಂದ ತಂದು ನಂಬಿ ಬಳಸಬಹುದಾದ ಯಂತ್ರಗಳಾದವು. ಮೇನೂತ್ ಕೊಟ್ಟದ್ದು ಮೂಲ. ಪ್ಯಾರಿಸ್ ಕೊಟ್ಟದ್ದು ಬಾಳಿಕೆ. ಪಠ್ಯಪುಸ್ತಕಗಳು ಎರಡನೆಯದನ್ನು ಮಾತ್ರ ಉಳಿಸಿಕೊಂಡವೆಂಬುದೇ ಆಕ್ಷೇಪ.

ಅದರಲ್ಲಿ ಮೇನೂತ್‌ನ ಪಾಲೂ ಇದೆ. ದೈವಶಾಸ್ತ್ರವೇ ಪ್ರಧಾನವಾಗಿದ್ದ ಆ ವಾತಾವರಣದಲ್ಲಿ ಕ್ಯಾಲನ್ ಅವರ ಕೆಲಸವನ್ನು ಮುಂದುವರಿಸುವ ಶಿಷ್ಯಪರಂಪರೆ ಬೆಳೆಯಲಿಲ್ಲ. ಅದೇ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಮೊನ್ಸಿಂಜೊರ್ ಪಿ. ಜೆ. ಮೆಕ್ಲಾಕ್ಲಿನ್ ಅವರು ಹಳೆಯ ಕಾಗದಪತ್ರಗಳನ್ನು ಕೆದಕಿ, 1965ರಲ್ಲಿ ಕ್ಯಾಲನ್ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. 2006ರಲ್ಲಿ ವಿದ್ಯುತ್ ಇಂಜಿನಿಯರುಗಳ ಅಂತಾರಾಷ್ಟ್ರೀಯ ಸಂಸ್ಥೆಯಾದ ಐಇಇಇ, ಮೇನೂತ್‌ನಲ್ಲಿ ಸ್ಮಾರಕ ಫಲಕವನ್ನು ಸ್ಥಾಪಿಸಿತು. ಅವರ ಸುರುಳಿಗಳು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿವೆ.

ಸುರುಳಿಯಿಂದ ಶಿವನಸಮುದ್ರದವರೆಗೆ

ಪ್ರೇರಣಾ ಸುರುಳಿಯ ಋಣ ದೊಡ್ಡದು. 1887ರಲ್ಲಿ ಹರ್ಟ್ಜ್ ರೇಡಿಯೋ ತರಂಗಗಳನ್ನು ಕಂಡದ್ದು ಅದರ ಕಿಡಿಯಿಂದ. 1895ರಲ್ಲಿ ರಾಂಟ್‌ಜೆನ್ ಕ್ಷಕಿರಣಗಳನ್ನು ಪತ್ತೆಹಚ್ಚಿದ್ದು ಅದರ ಒತ್ತಡದಿಂದ. ಕಲ್ಕತ್ತದ ಜಗದೀಶಚಂದ್ರ ಬೋಸರೂ ತಮ್ಮ ಪ್ರಯೋಗಗಳಲ್ಲಿ ಅದನ್ನು ಬಳಸಿದರು. ಬೋಸರಿಗೆ ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರದ ರುಚಿ ಹತ್ತಿಸಿದವರು ಯೇಸುಸಭೆಯ ಬೆಲ್ಜಿಯನ್ ಗುರು ವಂ. ಯುಜೀನ್ ಲಾಫಾಂ ಎಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.

ಅಷ್ಟರಲ್ಲಿ ಅಧಿಕ ಒತ್ತಡ ಪ್ರಯೋಗಶಾಲೆಯಿಂದ ಬಯಲಿಗೆ ಬಂದಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿದಾಗ ತಂತಿಯಲ್ಲಿದ್ದ ಒತ್ತಡ 30 ಸಾವಿರ ವೋಲ್ಟುಗಳಿಗೂ ಹೆಚ್ಚು. ಆಗಿನ ಕಾಲಕ್ಕೆ ಜಗತ್ತಿನಲ್ಲಿಯೇ ಅತ್ಯಂತ ಉದ್ದದ ಮಾರ್ಗಗಳಲ್ಲಿ ಒಂದಾದ ಅದನ್ನು ಕಾಯುತ್ತಿದ್ದದ್ದು ಪ್ರತಿಯೊಂದು ಕಂಬದ ಮೇಲಿನ ಅವಾಹಕ ಬಟ್ಟಲು. ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ 1960ರಲ್ಲಿ ಸ್ಥಾಪನೆಗೊಂಡ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿಯೂ ಲಕ್ಷಗಟ್ಟಲೆ ವೋಲ್ಟುಗಳ ಕೃತಕ ಸಿಡಿಲನ್ನು ಹೊಡೆಸಿ ಅವಾಹಕಗಳನ್ನು ಪರೀಕ್ಷಿಸುತ್ತಾರೆ.

ಕರಾವಳಿಯ ಓದುಗರಿಗೆ ಹತ್ತಿರದ ಒಂದು ಉದಾಹರಣೆ. ಕಡಲ ಗಾಳಿ ಪಿಂಗಾಣಿಯ ಮೇಲೆ ಉಪ್ಪಿನ ತೆಳು ಪದರವನ್ನು ಕೂರಿಸುತ್ತದೆ. ಒಣಗಿರುವವರೆಗೆ ಅದರಿಂದ ತೊಂದರೆಯಿಲ್ಲ. ಮುಂಜಾವದ ಇಬ್ಬನಿಯೋ ಮೊದಲ ತುಂತುರು ಮಳೆಯೋ ಬಿದ್ದು ಉಪ್ಪು ಒದ್ದೆಯಾದಾಗ ಮೇಲ್ಮೈಯಲ್ಲಿ ವಿದ್ಯುತ್ತು ಜಿನುಗತೊಡಗಿ, ಅಲ್ಲಲ್ಲಿ ಕಿಡಿ ಕಟ್ಟಿ, ಕೊನೆಗೆ ಉದ್ದಕ್ಕೂ ಹೊತ್ತಿಕೊಳ್ಳುತ್ತದೆ. ಬಿರುಸಿನ ಮಳೆ ಉಪ್ಪನ್ನು ತೊಳೆದು ಉಪಕಾರವನ್ನೇ ಮಾಡುತ್ತದೆ. ಅಪಾಯವಿರುವುದು ಅದಕ್ಕೆ ಮುನ್ನ. ಪಿಂಗಾಣಿಗೆ ಕೊಡೆಯಂತಹ ಅಂಚುಗಳನ್ನು ಇಟ್ಟಿರುವುದು ಈ ಜಿನುಗುವ ದಾರಿಯನ್ನು ಉದ್ದ ಮಾಡಲೆಂದೇ. ನೀರನ್ನು ಹನಿಹನಿಯಾಗಿ ಉದುರಿಸಿಬಿಡುವ ಸಿಲಿಕೋನ್ ರಬ್ಬರಿನ ಅವಾಹಕಗಳು ಈಚಿನ ದಶಕಗಳಲ್ಲಿ ಬಳಕೆಗೆ ಬಂದಿವೆ.

ಕ್ಯಾಲನ್ ಅವರ ಮೇಣ, ರಾಳಗಳ ಸ್ಥಾನಕ್ಕೆ ಟ್ರಾನ್ಸ್‌ಫಾರ್ಮರುಗಳಲ್ಲಿ ಖನಿಜ ತೈಲದಲ್ಲಿ ನೆನೆಸಿದ ಕಾಗದ ಬಂತು. ದೊಡ್ಡ ಸ್ವಿಚ್ಚುಗಳೊಳಗೆ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲ ಬಂತು. ಈ ಅನಿಲ ಉತ್ತಮ ಅವಾಹಕ. ಆದರೆ ಸೋರಿದರೆ ಅದು ಇಂಗಾಲದ ಡೈಆಕ್ಸೈಡಿಗಿಂತ 20 ಸಾವಿರ ಪಟ್ಟಿಗೂ ಹೆಚ್ಚು ತೀವ್ರವಾಗಿ ಭೂಮಿಯನ್ನು ಬಿಸಿಯೇರಿಸುತ್ತದೆ. ಜಗದ್ಗುರು ಫ್ರಾನ್ಸಿಸ್ ಅವರು 2015ರ ತಮ್ಮ ವಿಶ್ವಪತ್ರ 'ಲೌದಾತೊ ಸಿ'ಯಲ್ಲಿ ಎತ್ತಿದ ಪ್ರಶ್ನೆಗಳು ವಿದ್ಯುತ್ ಕೇಂದ್ರದ ಬೇಲಿಯೊಳಗೂ ಬರುತ್ತವೆಂದು ಇದರಿಂದ ತಿಳಿಯಬೇಕು. ಬದಲಿ ಅನಿಲಗಳಿಗಾಗಿ ಹುಡುಕಾಟ ನಡೆದಿದೆ. ಖನಿಜ ತೈಲಕ್ಕೆ ಬದಲಾಗಿ ಸಸ್ಯಜನ್ಯ ತೈಲಗಳನ್ನೂ ಬಳಕೆಗೆ ತರಲಾಗಿದೆ. ನಮ್ಮ ದೇಶದ ಸಂಶೋಧಕರು ಹೊಂಗೆ ಎಣ್ಣೆಯನ್ನು ಕೂಡ ಪರೀಕ್ಷಿಸಿದ್ದಾರೆ. ಮಣ್ಣಿಗೆ ಚೆಲ್ಲಿದರೆ ಕೊಳೆತು ಕರಗುವುದು, ಬೇಗನೆ ಬೆಂಕಿ ಹಿಡಿಯದಿರುವುದು ಇಂತಹ ತೈಲಗಳ ಗುಣ. ಗಾಳಿ ತಗುಲಿದರೆ ಬೇಗ ಮಂದವಾಗಿ ಆಮ್ಲತೆ ಏರುವುದು ಅವುಗಳ ದೋಷ. ಆ ದೋಷವನ್ನು ತಗ್ಗಿಸುವ ಪ್ರಯತ್ನ ಪ್ರಯೋಗಶಾಲೆಗಳಲ್ಲಿ ಮುಂದುವರಿದಿದೆ.